ಸೊಟ್ಟ ಕತ್ತಿನ ಕೆಂಪು ಗಿಟಾರು

ಇದು ನಿಜವಾಗ್ಲೂ ನಡೆದಿದ್ದು. ಒಂದಕ್ಷರ ಸುಳ್ಳಾದ್ರೂ ನಾನು ಹತ್ತೋ ಬಸ್ಸೆಲ್ಲಾ ಟಿನ್ ಫ್ಯಾಕ್ಟರಿ ಹತ್ರ ಕೆಟ್ಟು ನಿಲ್ಲಲಿ, ನಾನು ಕುಡಿಯೋ ಟೀ ಎಲ್ಲಾ ಕೆನೆ ಕಟ್ಟಲಿ. ಸಾಕಾ? ಇದಕ್ಕಿಂತ ದೊಡ್ಡ ಆಣೆ ನಮ್ಮ ಕಡೆ ಇಲ್ಲ.

ರಾಮಮೂರ್ತಿ ನಗರದಲ್ಲಿ ಈರೇಶ ಅಂತ ಒಬ್ಬ ಟೈಲ್ಸ್ ಮೇಸ್ತ್ರಿ ಇದ್ದಾನೆ. ಊರು ಸಿಂಧನೂರು ದಾಟಿ ಒಳಗೆ. ಇಲ್ಲಿ ಒಂದು ಬಾಡಿಗೆ ರೂಮು, ಪಕ್ಕದಲ್ಲಿ ಒಂಚೂರು ಅಡುಗೆ ಜಾಗ. ಮನೇಲಿ ಮೂರೇ ಜನ. ಅವನು, ಅವನ ಹೆಂಡ್ತಿ ರಾಜೇಶ್ವರಿ, ಅವಳ ತಾಯಿ ಜಟ್ಟೆಮ್ಮ. ಜಟ್ಟೆಮ್ಮ ಬರೀ ಹೆಣ್ಣು ಕೊಟ್ಟ ಅತ್ತೆ ಅಲ್ಲ, ಹುಟ್ಟಿದಾಗಿಂದ ಸೋದರತ್ತೆ. ಇವನ ಮೂಗು ಒರೆಸಿ, ಇವನ ಬೆನ್ನಿಗೆ ಎರಡು ಬಾರಿಸಿ ಬೆಳೆಸಿದೋಳು.

ಈರೇಶನ ಕಣ್ಣು ಎಂಥದ್ದು ಗೊತ್ತಾ? ನೆಲದಲ್ಲಿ ಒಂದೇ ಒಂದು ಟೈಲ್ ಕೂದಲೆಳೆಯಷ್ಟು ಸೊಟ್ಟ ಇದ್ರೆ ಸಾಕು, ಅವನ ಹಲ್ಲು ಜುಮ್ ಅನ್ನುತ್ತೆ. ಒಂದ್ಸಲ ಬೆನ್ಸನ್ ಟೌನಲ್ಲಿ ಮದುವೆ ಊಟಕ್ಕೆ ಕೂತಿದ್ದ. ಕಾಲ ಕೆಳಗಿನ ಟೈಲ್ ಸೊಟ್ಟ ಅಂತ ಎಲೆ ಎತ್ಕೊಂಡು ಪಕ್ಕಕ್ಕೆ ಹೋದ. ಅಲ್ಲೂ ಸೊಟ್ಟ. ಇನ್ನೊಂದು ಸಾಲಿಗೆ ಹೋದ, ಅಲ್ಲೂ ಅದೇ ಕಥೆ. ಪಾಯಸ ಬರೋ ಹೊತ್ತಿಗೆ ಮನುಷ್ಯ ಎಲೆ ಸಮೇತ ಗೇಟಿಂದ ಆಚೆ ರೋಡಲ್ಲಿದ್ದ! ಬಡಿಸೋರೂ ಪಾಪ ಬಕೆಟ್ ಹಿಡ್ಕೊಂಡು ಹಿಂದೇನೇ ಬಂದಿದ್ರು.

ಜಟ್ಟೆಮ್ಮಂದು ಕಂಠ. ಕೈಯಲ್ಲಿ ಏಕತಾರಿ ಹಿಡಿದು ತತ್ವಪದ ಶುರು ಮಾಡಿದ್ರೆ ಬೋರ್‌ವೆಲ್ ಕೊರೆಯೋ ಗಾಡಿಯೋನು ಮಿಷನ್ ಆಫ್ ಮಾಡಿ ಕೂತ್ಕೋತಿದ್ದ. ಬೆಳಗ್ಗೆ ರೊಟ್ಟಿ ಬಡಿಯೋವಾಗ್ಲೂ ಹಾಡೇ. ಆ ತಾಳಕ್ಕೆ ಬಡಿದ ರೊಟ್ಟಿನ ಈರೇಶ ಟೇಪ್ ಹಿಡಿದು ಅಳೆದಿದ್ದಾನೆ. ಯಾವ ಕಡೆಯಿಂದ ಅಳೆದ್ರೂ ಒಂಬತ್ತೂವರೆ ಇಂಚು.

ಇಂಥ ಮನೆಗೆ ಒಂದಿನ ಈರೇಶ ಹೆಗಲ ಮೇಲೆ ಉಳಿದ ಟೈಲ್ಸ್ ಡಬ್ಬ ಹೊತ್ಕೊಂಡು ಬಂದ. ಕೆಳಗೆ ನೋಡ್ಲಿಲ್ಲ. ಹೊಸಲು ದಾಟಿ ಕಾಲಿಟ್ಟ. ಪಟಾರ್ ಅಂತು. ಏಕತಾರಿಯ ಬುರುಡೆ ಒಡೆದು ಏಳು ಚೂರು.

ಜಟ್ಟೆಮ್ಮ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಚೂರು ಆರಿಸಿ ಸೆರಗಲ್ಲಿ ಕಟ್ಕೊಂಡು, ಮಗಳ ಕಡೆ ತಿರುಗಿ ಹೇಳಿದ್ಲು: "ರಾಜೇಶ್ವರಿ, ನಿನ್ನ ಗಂಡಗ ಹೇಳವಾ. ತಂತಿ ಮತ್ತ ಮಾತಾಡೋತನಕ ನಾನೂ ಮಾತಾಡಂಗಿಲ್ಲ."

ಅವತ್ತಿಂದ ಹಾಡು ಬಂದ್. ಈರೇಶನ ಜೊತೆ ಮಾತು ಬಂದ್. ಅವನು ಎದುರಿಗೇ ಕೂತಿದ್ರೂ, "ರಾಜೇಶ್ವರಿ, ನಿನ್ನ ಗಂಡಗ ಇನ್ನೊಂದು ರೊಟ್ಟಿ ಬೇಕೇನು ಕೇಳು." ರಾಜೇಶ್ವರಿ ಒಲೆ ಮುಂದಿಂದ, "ಬೇಕೇನ್ರಿ?" ಈರೇಶ, "ಬ್ಯಾಡಂತ ಹೇಳು." ರಾಜೇಶ್ವರಿಗೆ ಮೂರು ದಿನಕ್ಕೇ ಗಂಟಲು ಕಟ್ಟಿತು. ರೊಟ್ಟಿ ನೋಡಿದ್ರೆ ಇನ್ನೂ ಸಂಕಟ. ಹಾಡಿಲ್ದೆ ಬಡಿದ ರೊಟ್ಟಿ ಒಂದು ಕಡೆ ಮೂಗು, ಒಂದು ಕಡೆ ಕಿವಿ. ಈರೇಶನಿಗೆ ತಿನ್ನೋಕೆ ಆಗ್ತಿಲ್ಲ, ಕಣ್ಣು ಮುಚ್ಕೊಂಡು ನುಂಗ್ತಿದ್ದ.

ಮೇಲಾಗಿ ಹತ್ತೇ ದಿನಕ್ಕೆ ಏರಿಯಾದ ರಾಜ್ಯೋತ್ಸವ. ಸ್ಟೇಜ್ ಮೇಲೆ ಜಟ್ಟೆಮ್ಮನ ಪದ ಅಂತ ಸಂಘದೋರು ಬ್ಯಾನರೇ ಹಾಕ್ಸಿದ್ರು. ಈರೇಶ ಓಡಾಡಿ ಒಂದು ಹೊಸ ಏಕತಾರಿ ತಂದ. ಜಟ್ಟೆಮ್ಮ ಒಂದ್ಸಲ ಮೀಟಿದ್ಲು.

"ರಾಜೇಶ್ವರಿ, ಈ ಸೊಳ್ಳಿನ ಹೊರಗ ಬಿಟ್ಟು ಬಾ. ಹೋದ ವರ್ಷ ಪಕ್ಕದ ರೋಡಿನ ಡಿಜೆ ಗದ್ದಲದಾಗ ನಮ್ಮಪ್ಪ ಮಾಡಿದ ಏಕತಾರಿನೇ ಕೇಳಿಸಲಿಲ್ಲ. ಇದು ಯಾವ ಲೆಕ್ಕ?"

ಆಗ ಈರೇಶನಿಗೆ ಹೊಳೀತು, ಶ್ರೇಯಾ ಮೇಡಂ ಮನೆ. ಶ್ರೇಯಾ ಅಂದ್ರೆ ದಾವಣಗೆರೆ ಹುಡುಗಿ, ಆಫೀಸ್ ಕೆಲಸ, ಸಿ.ವಿ. ರಾಮನ್ ನಗರದಲ್ಲಿ ಫ್ಲ್ಯಾಟು. ಅಲ್ಲಿ ಬಾಲ್ಕನಿಗೆ ಟೈಲ್ಸ್ ಹಾಕ್ತಿದ್ದಾಗ ಆಯಮ್ಮ ಒಳಗೆ ಎಲೆಕ್ಟ್ರಿಕ್ ಗಿಟಾರ್ ಬಾರಿಸಿದ್ಳು. ಆ ಸದ್ದಿಗೆ ಬಕೆಟಲ್ಲಿದ್ದ ಸಿಮೆಂಟ್ ತಾನೇ ಕಲಸ್ಕೊಂಡಿತ್ತು, ಬೇಕಾದ್ರೆ ಅವನನ್ನೇ ಕೇಳಿ.

ಫೋನ್ ಮಾಡ್ದ. "ಮೇಡಂ, ಆ ಕರೆಂಟ್ ಗಿಟಾರ್ ಒಂದು ಬೇಕಾಗೈತಿ. ನಮ್ಮ ಅತ್ತಿಗೆ."

"ನಿಮ್ಮ ಅತ್ತೆಗಾ? ಸೂಪರ್ ಅಣ್ಣ!" ಅಂತ ನಕ್ಕಳು ಶ್ರೇಯಾ. "ಹೊಸದು ಯಾಕೆ, ಶಿವಾಜಿನಗರದಲ್ಲಿ ಫೈಸಲ್ ಅಂತ ಇದ್ದಾರೆ, ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಆದ್ರೆ ಕತ್ತು ನೋಡಿ ತಗೊಳ್ಳಿ. ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡ್ಬೇಕು. ಆ ಕಡೆ ಈ ಕಡೆ ಅಂಚಿನ ತಂತಿ ಎರಡೂ ಸಮವಾಗಿ ಜಾಗ ಬಿಟ್ಟಿರ್ಬೇಕು."

"ಒಂದು ಕಣ್ಣು ಮುಚ್ಚಿ ನೋಡೋದಾ? ಮೇಡಂ, ಹದಿನಾರು ವರ್ಷದಿಂದ ನಾ ಎರಡು ಕಣ್ಣು ಬಿಟ್ಟಿದ್ದೇ ಕಮ್ಮಿ."

ಫೈಸಲ್ ಅಂಗಡಿ ಇರೋದು ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಲಿ. ಎಷ್ಟು ಕಿರಿದು ಅಂದ್ರೆ, ಒಳಗೆ ಹೋದೋನು ತಿರುಗಬೇಕಾದ್ರೆ ಹೊರಗೆ ಬಂದು ತಿರುಗಿ ಮತ್ತೆ ಒಳಗೆ ಹೋಗ್ಬೇಕು. ಗಾಳಿ ಹೋದ ಹಾರ್ಮೋನಿಯಂ, ತೂತು ಬಿದ್ದ ಡ್ರಮ್ಮು, ಮೇಲೆ ಮೊಳೆಗೆ ಒಂದು ಕೆಂಪು ಗಿಟಾರು. ಹಣ್ಣು ಮೆಣಸಿನಕಾಯಿ ಕೆಂಪು.

"ಅದಾ? ನಕ್ಕೋ ಭಾಯ್, ಬೇಡ," ಅಂದ ಫೈಸಲ್. ವ್ಯಾಪಾರಿ ಆದ್ರೂ ಸುಳ್ಳು ಹೇಳೋ ಪೈಕಿ ಅಲ್ಲ. "ಅದರ ಗರ್ದನ್, ಕತ್ತು, ಸೊಟ್ಟ. ನಾಲ್ಕು ಗಿರಾಕಿ ಮುಟ್ಟಿ ಬಿಟ್ಟು ಹೋದ್ರು. ನೋಡಿ, ಈ ಸಣ್ಣ ತಂತಿ ಮೀಟಿದ್ರೆ ಅಂಚಿಂದ ಜಾರಿ ಕೆಳಗೆ ಬೀಳ್ತದೆ. ತಾಕ್. ಸತ್ತೋಯ್ತು."

ಈರೇಶ ಗಿಟಾರ್ ಇಳಿಸಿ ಸ್ಟೂಲ್ ಮೇಲೆ ಮಲಗಿಸಿದ. ಜೇಬಿಂದ ಸೈಟಲ್ಲಿ ಹಿಡಿಯೋ ನೀಲಿ ದಾರ ತೆಗೆದ. ಒಂದು ತುದಿ ಫೈಸಲ್ ಕೈಗೆ ಕೊಟ್ಟು, ಕತ್ತಿನ ಈ ಅಂಚಿಗೆ ಒಂದ್ಸಲ, ಆ ಅಂಚಿಗೆ ಒಂದ್ಸಲ, ತಂತಿ ಕಟ್ಟಿರೋ ಬುಡದ ತನಕ ಎಳೆದು ಹಿಡಿದ. ಒಂದು ಕಣ್ಣು ಮುಚ್ಚಿದ. ದಪ್ಪ ತಂತಿ ಕಡೆ ಅಂಗಳದಷ್ಟು ಜಾಗ, ಸಣ್ಣ ತಂತಿ ಕಡೆ ಇರುವೆ ನಡೆಯೋಕೂ ಜಾಗ ಇಲ್ಲ.

"ಭಾಯ್, ಮರ ನೆಟ್ಟಗೈತಿ."

"ಕ್ಯಾ?"

"ಕತ್ತು ಸೊಟ್ಟಿಲ್ಲ. ಕುಂತಿದ್ದು ಸೊಟ್ಟ. ಬಾಗಿಲು ಚೊಲೋ ಐತಿ, ಚೌಕಟ್ಟೂ ಚೊಲೋ ಐತಿ, ಕೂಡ್ಸಿದಾಂವ ಹೆಂಡ್ತಿ ಜೋಡಿ ಜಗಳಾಡಿ ಬಂದಿದ್ದ."

ಬೋರಲು ಹಾಕಿದ್ರೆ, ಕತ್ತು ಹೊಟ್ಟೆಗೆ ಸೇರೋ ಕಡೆ ಹಿಂದೆ ನಾಲ್ಕು ಸ್ಕ್ರೂ. ಈರೇಶ ಸ್ಕ್ರೂಡ್ರೈವರ್ ಇಟ್ಟೇಬಿಟ್ಟ. ಫೈಸಲ್ ಟಪ್ ಅಂತ ಕೈ ಮೇಲೆ ಹೊಡೆದ. "ಅರೆ! ಮೊದ್ಲು ತಂತಿ ಸಡಿಲ ಮಾಡಿ. ಇಲ್ಲಾಂದ್ರೆ ಅದು ಎಳೆದ ಕಡೆಗೇ ಕತ್ತು ಹೋಗ್ತದೆ."

ತಂತಿ ಆರೂ ಸಡಿಲ ಮಾಡಿದ್ರು. ಸ್ಕ್ರೂ ಪೂರ್ತಿ ಬಿಚ್ಚಲಿಲ್ಲ, ಅರ್ಧರ್ಧ ಸುತ್ತು ಅಷ್ಟೇ. ಫೈಸಲ್ ಹೊಟ್ಟೆ ಹಿಡಿದ, ಈರೇಶ ಕತ್ತಿಗೆ ಅಂಗೈ ಕೊಟ್ಟು, ಹಸಿ ಸಿಮೆಂಟ್ ಮೇಲೆ ಟೈಲ್ ಸರಿಸೋ ಹಾಗೆ ಮೆಲ್ಲಗೆ ಪಕ್ಕಕ್ಕೆ ಒತ್ತಿದ. ಕಟ್ ಅಂತು. ದಾರ ನೋಡಿದ್ರೆ ಎರಡೂ ಕಡೆ ಸಮ. ಆದ್ರೆ ಕತ್ತು ಕೂರೋ ಗುಂಡಿಲಿ ಒಂದು ಪಕ್ಕ ಉಗುರು ತೂರೋವಷ್ಟು ಸಂದು ಉಳೀತು. ಬಿಟ್ರೆ ಮತ್ತೆ ಜಾರುತ್ತೆ. ಟೈಲ್ಸ್ ಮಧ್ಯೆ ಸಂದಿಗೆ ಇಡ್ತಾರಲ್ಲ, ಪ್ಲಾಸ್ಟಿಕ್ ಪ್ಲಸ್, ಸ್ಪೇಸರ್ ಅಂತಾರೆ, ಅದರ ಒಂದು ಕಾಲು ಕತ್ತರಿಸಿ ಆ ಸಂದಿಗೆ ಸಿಕ್ಕಿಸಿದ. ಆಮೇಲೆ ಆಟೋ ಚಕ್ರದ ನಟ್ ಬಿಗಿಯೋ ಹಾಗೆ, ಈ ಮೂಲೆ ಒಂದು, ಎದುರು ಮೂಲೆ ಒಂದು, ನಾಲ್ಕೂ ಸ್ಕ್ರೂ ಬಿಗಿದ.

ತಂತಿ ಏರಿಸಿ ಫೈಸಲ್ ಸಣ್ಣ ತಂತಿ ಮೀಟಿದ. ಜಾರಲಿಲ್ಲ. ಟಿಣ್ ಅಂತ ಗಲ್ಲಿ ಕೊನೆ ತನಕ ಹೋಗಿ ವಾಪಸ್ ಬಂತು.

"ಎಂಟು ತಿಂಗಳಿಂದ ನೇತಾಕಿದ್ದೆ ಭಾಯ್!" ಅಂತ ಫೈಸಲ್ ತಲೆ ಚಚ್ಕೊಂಡ. "ತಗೊಂಡ್ಹೋಗಿ. ಕಾಸು ಬೇಡ. ನಮ್ಮನೆ ಬಾತ್ರೂಮ್ ನೆಲ ಒಂದು ಸರಿ ಮಾಡ್ಕೊಡಿ, ಸಾಕು."

ಅಷ್ಟಕ್ಕೇ ಎದ್ದು ಬಂದಿದ್ರೆ ಈರೇಶ ಹೆಂಗಾಗ್ತಾನೆ? ಕತ್ತಿನ ಮೇಲೆ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡ್ದ. ಹಲ್ಲು ಜುಮ್ ಅಂತು. "ಭಾಯ್, ನಡುವ ತಗ್ಗೈತಿ! ಕೂದಲಷ್ಟು!"

"ಅದು ಇರಲಿ. ಬೇಕು ಅದು."

"ತಗ್ಗು ಯಾಕ ಬೇಕು?"

"ನಮ್ಮ ಅಬ್ಬಾ ಬೇಕು ಅಂದಿದ್ರು, ನಾನೂ ಬೇಕು ಅಂತೀನಿ. ಟೀ ಬಂತು, ಕುಡೀರಿ."

ಶನಿವಾರ ಸಾಯಂಕಾಲ ಶ್ರೇಯಾ ಸ್ಕೂಟರಲ್ಲಿ ತನ್ನ ಆಂಪ್ಲಿಫೈಯರ್ ಡಬ್ಬ ಹೊತ್ಕೊಂಡು ಬಂದು, ಗಿಟಾರ್ ಶ್ರುತಿ ಮಾಡಿ, ಒಂದೆರಡು ಬಾರಿಸಿ ತೋರ್ಸಿ, "ನಾಳೆ ಸ್ಟೇಜ್ ಹತ್ರ ಬರ್ತೀನಿ ಅಮ್ಮ" ಅಂತ ಹೇಳಿ ಹೋದ್ಳು. ಜಟ್ಟೆಮ್ಮ ಗಿಟಾರ್‌ನ ಮಡಿಲಲ್ಲಿ ನಿಲ್ಲಿಸ್ಕೊಂಡ್ಳು, ಏಕತಾರಿ ಹಿಡಿದ ಹಾಗೇ. ಆರೂ ತಂತಿ ಒಂದೊಂದೇ ಮುಟ್ಟಿ ಕಿವಿ ಕೊಟ್ಟು ಕೇಳಿದ್ಳು. ಈರೇಶ ಬಾಗಿಲಲ್ಲಿ ನಿಂತು ನೋಡ್ತಿದ್ದ.

"ರಾಜೇಶ್ವರಿ, ದೇವರು ಎಷ್ಟು ಮಂದಿ?"

"ಒಬ್ಬಾವನವ್ವಾ."

"ಮತ್ತ ತಂತಿ ಆರು ಯಾಕ?"

ಬಿರಡೆ ತಿರುಗಿಸೋದು ಅವಳಿಗೇನು ಹೊಸದಾ? ಪಟಪಟ ಅಂತ ಐದು ತಂತಿ ಸಡಿಲ ಮಾಡಿ ಎಳೆದು, ಸುತ್ತಿ, ಹಿಟ್ಟಿನ ಡಬ್ಬಿ ಮೇಲಿಟ್ಟಳು. ಅಂಚಿಂದ ಜಾರಿ ಬೀಳ್ತಿತ್ತಲ್ಲ, ಆ ಸಣ್ಣ ತಂತಿ ಒಂದನ್ನೇ ಉಳಿಸ್ಕೊಂಡ್ಳು. ತನ್ನ ದನಿಗೆ ತಕ್ಕಂಗೆ ಬಿಗಿದು, ಕಣ್ಣು ಮುಚ್ಚಿ ಮೀಟಿದ್ಳು.

ಗೊರ್ರ್ ರ್ ರ್.

ಮತ್ತೆ ಮೀಟಿದ್ಳು. ಗೊರ್ರ್. ಎದುರು ಮನೆ ನಾಯಿ ಎದ್ದು ಓಡಿಹೋಯ್ತು.

"ನಿನ್ನ ಗಂಡಗ ಹೇಳು, ಡಬ್ಬಿಯಾಗ ಕಣಜದ ಹುಳ ಹಾಕ್ಕೊಂಡು ಬಂದಾನ ಅಂತ." ಗಿಟಾರ್‌ನ ಗೋಡೆಗೆ ಒರಗಿಸಿ ಎದ್ದುಬಿಟ್ಳು. "ನಾಳೆ ಸಂಘದವರಿಗೂ ಹೇಳಿ ಬರಲಿ, ಪದ ಇಲ್ಲಂತ."

ಈರೇಶ ಪಟ್ಟಿ ಇಟ್ಟು ನೋಡ್ದ. ನಿನ್ನೆ ತನಕ ನಡುವೆ ತಗ್ಗಿದ್ದ ಕತ್ತು ಈಗ ನಡುವೆ ಉಬ್ಬಿದೆ! ಪಟ್ಟಿ ಅದರ ಮೇಲೆ ಏತದ ಮರದ ಹಾಗೆ ಆಡ್ತಿದೆ. ತಂತಿ ಆ ಉಬ್ಬಿನ ಮೇಲೆ ಹೊಟ್ಟೆ ಉಜ್ಕೊಂಡು ಗೊರ್ ಅಂತಿದೆ.

ಭಾನುವಾರ ಬೆಳಗ್ಗೆ ಮೊದಲನೇ ಬಸ್ಸಿಗೇ ಶಿವಾಜಿನಗರ. ಅಂಗಡಿ ಬಾಗಿಲು ತೆಗೆದಿರಲಿಲ್ಲ, ಹಿಂದೆ ಮನೆಗೇ ಹೋದ. ಫೈಸಲ್ ಪೈಜಾಮ ಎತ್ತಿ ಕಟ್ಟಿ, ಬಾತ್ರೂಮ್ ನೀರನ್ನ ಪೊರಕೇಲಿ ದಬ್ಬುತ್ತಾ ನಿಂತಿದ್ದ.

"ಆಯಿಯೆ ಭಾಯ್! ಸರಿಯಾದ ಟೈಮಿಗೆ ಬಂದ್ರಿ. ನೋಡಿ, ಸ್ನಾನ ಐದು ನಿಮಿಷ, ನೀರು ದಬ್ಬೋದು ಅರ್ಧ ಗಂಟೆ."

ಗಿಟಾರ್ ಚಿಂತೆ ತಲೇಲಿದ್ರೂ ಮೇಸ್ತ್ರಿ ಕಣ್ಣು ನೆಲಕ್ಕೆ ಹೋಯ್ತು. ಒಂದು ಮಗ್ ನೀರು ಸುರಿದ. ನೀರು ಎಲ್ಲೂ ಹೋಗ್ದೆ ಕನ್ನಡಿ ಹಾಗೆ ನಿಂತ್ಕೊಂಡ್ತು. ಈರೇಶನಿಗೆ ಸಿಟ್ಟೇ ಬಂತು. "ಇದನ್ನ ಹಾಕಿದ ಪುಣ್ಯಾತ್ಮ ಯಾರ್ರೀ? ಹಾಲ್ ನೆಲದಂಗ ಸಮ ಮಾಡಿಟ್ಟಾನ! ಬಚ್ಚಲಕ್ಕ ಸಮ ಮಾಡ್ತಾರೇನು? ಒಂದು ಚೂರು ಸ್ಲೋಪ್ ಬ್ಯಾಡೇನು? ನೀರು ಎಲ್ಲಿ ಹೋಗ್ಬೇಕು?"

ಫೈಸಲ್ ಪೊರಕೆ ಹಿಡಿದಿದ್ದ ಕೈನ ಸೊಂಟಕ್ಕಿಟ್ಟ. "ಮತ್ತೆ ತಂತಿ ಎಲ್ಲಿ ಹೋಗ್ಬೇಕು ಭಾಯ್?"

"ಅಂದ್ರ?"

"ತಂತಿ ಮೀಟಿದ್ರೆ ಅದು ಉಯ್ಯಾಲೆ ಆಡ್ತದೆ. ಆಡೋಕೆ ಅದಕ್ಕೂ ಜಾಗ ಬೇಕು. ಅದಕ್ಕೇ ಆ ತಗ್ಗು. ಮೊನ್ನೆ ನನಗೆ ಹೇಳೋಕೆ ಬರಲಿಲ್ಲ, ಈಗ ನೀವೇ ಹೇಳ್ಕೊಟ್ರಿ."

ಈರೇಶ ಮಗ್ ಹಿಡ್ಕೊಂಡೇ ನಿಂತ. ಹದಿನಾರು ವರ್ಷದಲ್ಲಿ ಮೊದಲನೇ ಸಲ, ಸಮ ಇಲ್ದೇ ಇರೋದೂ ಸರಿ ಇರಬಹುದು ಅಂತ ಅನ್ಸಿದ್ದು. ಆಮೇಲೆ ಅತ್ತೆ ಐದು ತಂತಿ ಕಿತ್ತ ಕಥೆ ಹೇಳ್ದ. ಫೈಸಲ್ ನಕ್ಕು ನಕ್ಕು ಆ ನೀರಲ್ಲೇ ಜಾರಿ ಬೀಳ್ತಿದ್ದ.

"ಯಾ ಅಲ್ಲಾ! ಹಗ್ಗ ಎಳೆಯೋ ಆಟ ನೋಡಿದೀರಲ್ಲ? ಆರು ತಂತಿ ಸೇರಿ ಕತ್ತನ್ನ ಮುಂದಕ್ಕೆ ಎಳೀತವೆ. ಕತ್ತಿನ ಒಳಗೆ ಒಂದು ಕಬ್ಬಿಣದ ರಾಡ್ ಇದೆ, ಅದು ಹಿಂದಕ್ಕೆ ಎಳೀತದೆ. ನಿಮ್ಮ ಅತ್ತೆ ಈ ಕಡೆಯಿಂದ ಐದು ಜನರನ್ನ ಮನೆಗೆ ಕಳಿಸಿಬಿಟ್ರು. ಮತ್ತೆ ಕತ್ತು ಹಿಂದಕ್ಕೆ ಬಾಗದೆ ಏನ್ ಮಾಡ್ತದೆ? ಐದೂ ವಾಪಸ್ ಹಾಕಿ. ಅವು ಬಾರಿಸೋದು ಬೇಡ, ಸುಮ್ನೆ ಎಳೀತಾ ಇರಲಿ."

ಮಧ್ಯಾಹ್ನಕ್ಕೆ ಈರೇಶ ಮನೇಲಿ. ಹಿಟ್ಟಿನ ಡಬ್ಬಿ ಮೇಲಿದ್ದ ತಂತಿ ಐದೂ ಹಾಕಿ ಬಿಗಿದ. ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ಇಟ್ಟು ನೋಡಿದ್ರೆ, ನಡುವೆ ಕೂದಲಷ್ಟು ತಗ್ಗು ವಾಪಸ್ ಬಂದಿತ್ತು. ಜೀವಮಾನದಲ್ಲಿ ತಗ್ಗು ನೋಡಿ ಅವನು ಕೈ ಮುಗಿದಿದ್ದು ಅದೊಂದೇ. ಹಳೆ ಬನಿಯನ್ ಹರಿದು, ಐದು ತಂತಿ ಕೆಳಗೆ ಬುಡದ ಹತ್ರ ಒತ್ತಾಗಿ ತುರುಕಿದ. ಅವು ಸದ್ದು ಮಾಡಂಗಿಲ್ಲ. ಸಣ್ಣ ತಂತಿ ಮಾತ್ರ ಫ್ರೀ.

ಈಗ ಉಳಿದಿದ್ದು ಅತ್ತೆ.

"ರಾಜೇಶ್ವರಿ, ನಿಮ್ಮವ್ವಗ ಹೇಳು. ತಂತಿ ಆರು ಇದ್ರೂ ಹಾಡೋದು ಒಂದೇ."

ರಾಜೇಶ್ವರಿ ಎದ್ದು ಒಳಗೆ ಹೋದ್ಳು. "ನೀವಿಬ್ರೂ ನೇರ ಮಾತಾಡ್ಕೊಳ್ರಿ. ನನ್ನ ಗಂಟಲು ಹೋಗೈತಿ," ಅಂತ ಬಾಗಿಲು ಎಳ್ಕೊಂಡ್ಳು.

ಮಧ್ಯೆ ಗಿಟಾರು. ಆ ಕಡೆ ಜಟ್ಟೆಮ್ಮ, ಈ ಕಡೆ ಈರೇಶ. ಜಟ್ಟೆಮ್ಮ ಗೋಡೆ ನೋಡ್ತಿದ್ಲು. ಈರೇಶ ನೆಲ ನೋಡ್ತಾ ಶುರು ಮಾಡ್ದ.

"ಅತ್ತಿ, ನಾ ಏಕತಾರಿ ತುಳಿದಿದ್ದು ತಪ್ಪು. ಮ್ಯಾಲಿನ ಡಬ್ಬಿ ನೋಡಿದೆ, ಕೆಳಗ ನೋಡಲಿಲ್ಲ. ಈ ಐದು ತಂತಿ ಅದಾವಲ್ಲ, ಇವು ಹಾಡಾಕ ಅಲ್ಲ. ಇವು ಬಿಗಿಯಾಗಿ ಎಳದು ಸುಮ್ನ ಕುಂತ್ರ, ಆ ಒಂದು ತಂತಿ ಹಾಡ್ತೈತಿ. ಇವನ್ನ ಬಿಟ್ಟಿ ಅಂದ್ರ ಅದರ ಕತ್ತೇ ತಿರುಗ್ತೈತಿ. ನಂಗ ತಿಳಿದಿದ್ದು ಇಷ್ಟ."

ಜಟ್ಟೆಮ್ಮ ಗೋಡೆ ಬಿಟ್ಟು ಗಿಟಾರ್ ನೋಡಿದ್ಳು. ಬೆರಳಿಟ್ಟು ಎಣಿಸಿದ್ಳು. ಬನಿಯನ್ ಕಟ್ಟಿದ ಐದು. ಬಿಟ್ಟಿದ್ದು ಒಂದು. ಇನ್ನೊಂದ್ಸಲ ಎಣಿಸಿದ್ಳು. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಅಂತ ತುಟಿ ಆಡ್ತಿತ್ತು.

"ಎಲಾ ಇವನ," ಅಂದ್ಳು. ಆಮೇಲೆ ನೇರ, ಕಣ್ಣಲ್ಲಿ ಕಣ್ಣಿಟ್ಟು, ಹತ್ತು ದಿನದಲ್ಲಿ ಮೊದಲನೇ ಸಲ: "ಈರೇಶಾ, ಐದು ಇಂದ್ರಿಯ ಬಿಗಿದು ಕುಂದ್ರಿಸಿ ಒಂದು ಮನಸ್ಸಿನ್ಯಾಗ ಹಾಡಬೇಕು ಅಂತ ನಾ ನಲವತ್ತು ವರ್ಷದಿಂದ ಹೇಳಿಕೋಂತ ಬಂದೀನಿ. ನೀ ಅದನ್ನ ಬನಿಯನ್ ಕಟ್ಟಿ ತೋರಿಸಿದೆಲ್ಲೋ ಮಳ್ಳ!"

ಈರೇಶನಿಗೆ ಆ "ಮಳ್ಳ" ಅನ್ನೋದು ಪಾಯಸದ ಹಾಗಿತ್ತು. ಮುಖ ಆ ಕಡೆ ತಿರುಗಿಸ್ಕೊಂಡು ಮೂಗು ಒರೆಸ್ಕೊಂಡ. ಈ ಸಲ ತಾನೇ ಒರೆಸ್ಕೊಂಡ.

ಜಟ್ಟೆಮ್ಮ ಮೀಟಿದ್ಳು. ಟಿಣ್ಣ್...

ಸಾಯಂಕಾಲ ಸ್ಟೇಜ್ ಮೇಲೆ ಏನಾಯ್ತು ಅಂತ ನಾನು ಹೇಳಿದ್ರೆ ಜಾಸ್ತಿ ಆಯ್ತು ಅಂತೀರ. ಆದ್ರೂ ಹೇಳ್ತೀನಿ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಮಡಿಲಲ್ಲಿ ಕೆಂಪು ಗಿಟಾರು. ಶ್ರೇಯಾ ಡಬ್ಬದ ಗುಂಡಿ ತಿರುಗಿಸಿದ್ಳು. ಪಕ್ಕದ ರೋಡಲ್ಲಿ ಡಿಜೆ ಢಮಢಮ ಅಂತಿತ್ತು. ಜಟ್ಟೆಮ್ಮ ಒಂದು ಮೀಟು ಮೀಟಿ ದನಿ ಎತ್ತಿದ್ಳು ನೋಡಿ, ಡಿಜೆಯೋನು ತನ್ನ ಸ್ಪೀಕರ್ ಕೆಟ್ಟೋಯ್ತು ಅಂದ್ಕೊಂಡು ವೈರ್ ಕಿತ್ತು ಮನೆಗೆ ಹೋದ. ಎರಡನೇ ಪದಕ್ಕೆ ಟಿನ್ ಫ್ಯಾಕ್ಟರಿಲಿ ಸಿಕ್ಕಾಕ್ಕೊಂಡಿದ್ದ ಗಾಡಿಗಳೆಲ್ಲಾ ತಾಳಕ್ಕೆ ಸರಿಯಾಗಿ ಹಾರ್ನ್ ಹೊಡೆದ್ವು. ಮೂರನೇ ಪದಕ್ಕೆ ಕೆ.ಆರ್. ಪುರದ ತೂಗುಸೇತುವೆ ಇದೆಯಲ್ಲ, ಅದರ ಕೇಬಲ್‌ಗಳೂ ಝೇಂ ಅಂದ್ವಂತೆ. ತಂತಿ ತಾನೇ ಅವೂ, ಸುಮ್ನಿರ್ತಾವಾ? ಮುಂದಿನ ಸಾಲಲ್ಲಿ ಫೈಸಲ್ ಕೂತು, ತೊಡೆ ತಟ್ಟಿ ತಟ್ಟಿ ಮಾರನೇ ದಿನ ಕುಂಟ್ತಿದ್ದ. ಆ ಕುಂಟುಕಾಲಲ್ಲೇ ನಿಂತು ಈರೇಶನ ಕೈಲಿ ಬಾತ್ರೂಮಿಗೆ ಸ್ಲೋಪ್ ಹಾಕ್ಸಿದ. ಈಗ ಅಲ್ಲಿ ನೀರು ಸುರಿಯೋಕೆ ಮುಂಚೆನೇ ಹರಿದು ಹೋಗುತ್ತೆ.

ರೊಟ್ಟಿ? ಮತ್ತೆ ರೌಂಡು. ಆದ್ರೆ ಈಗ ನಡುವೆ ಕೂದಲಷ್ಟು ತಗ್ಗಿರುತ್ತೆ, ತುಪ್ಪ ನಿಲ್ಲೋಕೆ. ಈರೇಶನೇ ಕೇಳಿ ಮಾಡಿಸ್ಕೊಂಡಿರೋದು.

ಯಾಕೆ ಹಂಗ್ ನೋಡ್ತೀರಾ? ನಂಬಿಕೆ ಬರ್ಲಿಲ್ವಾ? ಸರಿ, ಹಂಗಾದ್ರೆ ಸ್ಕೂಟರ್ ತೆಗೀರಿ. ಈಗ ಹೊರಟ್ರೆ ಜಟ್ಟೆಮ್ಮ ಒಲೆ ಮೇಲೆ ಹಂಚು ಇಡೋ ಹೊತ್ತಿಗೆ ಸರಿಯಾಗಿ ಹೋಗ್ತೀವಿ, ಬಿಸಿ ಬಿಸಿ ಇದ್ದಾಗಲೇ ಅಳೆದು ನೋಡೋಣ. ಟೇಪು ನಂದು, ಪೆಟ್ರೋಲು ನಿಮ್ದು. ಎರಡನೇ ಹೆಲ್ಮೆಟ್ ಇದೆ ತಾನೇ? ಇಲ್ಲಾಂದ್ರೆ ನಿಮ್ದನ್ನೇ ಕೊಡಿ, ಕಥೆ ಹೇಳೋ ತಲೆ ನಂದು, ಸ್ವಲ್ಪ ಜೋಪಾನ ಮಾಡ್ಬೇಕಲ್ವಾ.